ಎರಡನೇ ಹೆರಿಗೆ ಆದ ಮೇಲೆ ಹಳೇ ಬ್ಲೌಸ್ ಒಂದೂ ಆಗ್ತಿಲ್ಲ. ವಾರಕ್ಕೆ 6 ದಿನದ ಉಡುಪು ಹೇಗೆ ಹೊಂದಿಸೋದು?

ಬೆಣ್ಣೆದೋಸೆ_ಅಮ್ಮ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಕಾಲೇಜಿನಲ್ಲಿ ಪಾಠ ಮಾಡೋ ಕೆಲಸ, ಶನಿವಾರವೂ ಸೇರಿ ವಾರಕ್ಕೆ 6 ದಿನ. ದೊಡ್ಡವನಿಗೆ 4 ವರ್ಷ, ಚಿಕ್ಕವಳಿಗೆ 9 ತಿಂಗಳು, ಇನ್ನೂ ಹಾಲು ಕುಡೀತಾಳೆ. ಬೆಳಿಗ್ಗೆ 7:50ಕ್ಕೆ ಸ್ಕೂಟರ್ ಗೇಟು ದಾಟಬೇಕು. ಉಡೋಕೆ ಸಿಗೋದು 10 ನಿಮಿಷ, ಅದೂ ಒಬ್ಬಳು ಕಾಲು ಹಿಡ್ಕೊಂಡು ನಿಂತಿರ್ತಾಳೆ. ಸೋಮವಾರ, ಗುರುವಾರ ಸೀರೆ ಕಡ್ಡಾಯ. ಉಳಿದ ದಿನ ಚೂಡಿದಾರ ನಡೆಯುತ್ತೆ.

ಎದೆ ಅಳತೆ 36 ಇದ್ದದ್ದು 40 ಆಗಿದೆ, ಎತ್ತರ 5 ಅಡಿ 1 ಇಂಚು. ಬೀರುವಿನಲ್ಲಿ 14 ಬ್ಲೌಸ್ ಇವೆ, ಒಂದೂ ಏರೋದಿಲ್ಲ. ಕುರ್ತಾಗಳು ಬಗಲಲ್ಲಿ ಹಿಡಿಯುತ್ತವೆ. ಈಗ ಮೂರು ಲೂಸ್ ಟಾಪ್‌ಗಳನ್ನೇ ತಿರುಗಿಸಿ ತಿರುಗಿಸಿ ಹಾಕ್ತಿದೀನಿ, ನೋಡೋಕೆ ಈಗಷ್ಟೇ ನಿದ್ದೆಯಿಂದ ಎದ್ದು ಬಂದ ಹಾಗಿರುತ್ತೆ. 3 ತಿಂಗಳಿಗೆ ಒಟ್ಟು 9,000 ರೂಪಾಯಿ ತೆಗೆದಿಡಬಹುದು. ಯಾವುದನ್ನ ಉಳಿಸ್ಕೋಬಹುದು, ಯಾವುದಕ್ಕೆ ಮೊದಲು ಖರ್ಚು ಮಾಡಬೇಕು? ಫ್ಯಾಷನ್ ಅಂತೇನೂ ಬೇಡ. ಬೋರ್ಡಿಗೆ ಕೈ ಎತ್ತಿದಾಗಲೆಲ್ಲ ಇನ್ನೊಂದು ಕೈಯಲ್ಲಿ ಬ್ಲೌಸ್ ಕೆಳಗೆ ಎಳ್ಕೊಳ್ತಾ ನಿಲ್ಲೋದು ತಪ್ಪಿದರೆ ಸಾಕು.

ಸೂಜಿದಾರ_ಹುಬ್ಬಳ್ಳಿ

ಅಕ್ಕಾರ, ಮೊದಲ ಅಂಗಡಿಗೆ ಹೋಗಬ್ಯಾಡ್ರಿ. 14 ಬ್ಲೌಸನ್ನೂ ಒಳಗಿಂದು ಹೊರಗ ಮಾಡಿ ಹಾಸಿಗಿ ಮ್ಯಾಲ ಹರವ್ರಿ. ಪಕ್ಕದ ಹೊಲಿಗಿ ಒಳಗ ಎಷ್ಟು ಬಟ್ಟಿ ಬಿಟ್ಟಾರ ಅಂತ ಟೇಪ್ ಹಿಡದು ಅಳೀರಿ. ನಿಮ್ಮ ರೊಕ್ಕ ಅಲ್ಲೇ ಅದ.

ಲೆಕ್ಕ ಹಿಂಗ: ಮುಂಭಾಗದ ಅಂಚು, ಹಿಂಭಾಗದ ಅಂಚು ಎರಡರಾಗೂ ಅರ್ಧ ಇಂಚು ಬಿಚ್ಚಿದರ ಒಂದು ಪಕ್ಕಕ್ಕ 1 ಇಂಚು, ಎರಡೂ ಪಕ್ಕ ಸೇರಿ ಸುತ್ತಳತಿ 2 ಇಂಚು ಹೆಚ್ಚಾಗತದ. ನಿಮಗ 4 ಇಂಚು ಬೇಕು. ಬರೇ ಬಿಚ್ಚಿ ತಗೋಬೇಕಂದರ ಪ್ರತಿ ಅಂಚಿಗೂ 1 ಇಂಚು, ಮ್ಯಾಲ ಹೊಲಿಗಿ ನಿಲ್ಲಾಕ ಕಾಲು ಇಂಚು. ಅಂದ್ರ ಒಳಗ ಒಂದೂಕಾಲು ಇಂಚು ಇರಬೇಕು.

ಆದರ ಇದ್ದರೂ ಪೂರ್ತಿ 4 ಇಂಚು ಪಕ್ಕದಿಂದನ ಬಿಚ್ಚಿಸಬ್ಯಾಡ್ರಿ. ಮೈ ಹೆಚ್ಚಾಗಿದ್ದು ಎದಿ ಮುಂದ, ಬಟ್ಟಿ ಸಿಗೂದು ಬಗಲಾಗ. ಟಕ್ಸ್ (ಎದಿ ಆಕಾರಕ್ಕ ಹಿಡದ ಮಡಿಕಿ) ಹಳೇ ಜಾಗದಾಗ ಕುಂತಿರತಾವ, ಹುಕ್ಕಿನ ನಡುವ ಬಾಯಿ ಬಿಡತದ. ಆಮ್ಯಾಲ ಅದಕ್ಕ ಪಿನ್ನು ಹಾಕೂದು, ಪಿನ್ನಿನ ಮ್ಯಾಲ ಸೆರಗು ಎಳಕೊಳ್ಳೂದು, ಶುರು ಆಗತದ. 2 ಇಂಚು ಬಿಚ್ಚಿಸ್ರಿ, ಉಳಿದ 2 ಇಂಚಿಗೆ ಬಗಲ ಪಟ್ಟಿ ಕೂಡಸ್ರಿ. ಮುಂದಿನ ಟಕ್ಸ್ ಬಿಚ್ಚಿ ಈಗಿನ ಅಳತಿಗೆ ಮತ್ತ ಹಿಡೀಲಿ.

ಬಗಲ ಪಟ್ಟಿ ಅಂದ್ರ 2 ಇಂಚು ಅಗಲದ ಪಟ್ಟಿ, ಎರಡೂ ಕಡೆ ಅರ್ಧರ್ಧ ಇಂಚು ಹೊಲಿಗಿಗೆ ಹೋಗಿ 1 ಇಂಚು ಉಳೀತದ, ಎರಡೂ ಬಗಲು ಸೇರಿ 2 ಇಂಚು. ಬ್ಲೌಸಿನ ಕೆಳ ಅಂಚಿನಿಂದ ಹಿಡದು ಬಗಲು ದಾಟಿ ತೋಳಿನ ತುದಿ ತನಕ ಒಂದ ತುಂಡು ಹೋಗಬೇಕು. ಬಗಲಾಗ ನಿಲ್ಲಿಸಿದರ ಎದಿಗೆ ಜಾಗ ಆಗತದ, ತೋಳು ಮಾತ್ರ ಹಂಗ ಹಿಡೀತದ. ಪಟ್ಟಿಗೆ ಬಟ್ಟಿ ಎಲ್ಲಿಂದ ತರೂದು ಅಂತೀರಿ? ಸೀರಿ ಒಳ ತುದಿಯಿಂದ, ಮೊದಲ ಸುತ್ತಿಗೆ ಸೊಂಟದಾಗ ಸಿಕ್ಕಿಸ್ತೀರಲ್ಲ, ಅಲ್ಲಿ 5 ಇಂಚು ಕತ್ತರಿಸ್ರಿ. ಸೀರಿಗೆ ಏನೂ ಆಗೂದಿಲ್ಲ. ಬಣ್ಣ ಹೊಂದಸಾಕ ಅಂಗಡಿ ಅಂಗಡಿ ತಿರಗೂದು ಉಳೀತು.

ಇನ್ನ ನಿಮ್ಮ ಬೋರ್ಡಿನ ತ್ರಾಸು. ಬಗಲು ಹಿಡೀತದ ಅಂತ ಗಿರಾಕಿಗಳು "ಬಗಲು ಇನ್ನಷ್ಟು ಕೆಳಗ ಕಟ್ ಮಾಡ್ರಿ" ಅಂತಾರ. ಅದ ತಪ್ಪು. ಬಗಲು ಕೆಳಗ ಇಳದಷ್ಟೂ ಕೈ ಎತ್ತಿದಾಗ ಬ್ಲೌಸ್ ಇಡಿಯಾಗಿ ಮ್ಯಾಲೇಳತದ, ಯಾಕಂದ್ರ ತೋಳಿನ ಬಟ್ಟಿ ಮೈಯ ಬಟ್ಟೀನ ಜಗ್ಗತದ. ಬಗಲು ಮೈಗೆ ಹತ್ತಿರ, ಒಂದು ಬೆರಳು ಆಡುವಷ್ಟ ಸಡಿಲ ಇರಬೇಕು, ತೋಳಿನ ಸುತ್ತಳತಿ ಮಾತ್ರ 1 ಇಂಚು ಧಾರಾಳ ಇರಬೇಕು. ಟ್ರಯಲ್ ನೋಡುವಾಗ ಕನ್ನಡಿ ಮುಂದ ನೆಟ್ಟಗ ನಿಂತು ಬರಬ್ಯಾಡ್ರಿ. ಬೋರ್ಡ್ ಬರೆಯೂ ಹಂಗ ಕೈ ಎತ್ರಿ, ಬಗ್ಗಿ ಕೂಸಿನ್ನ ಎತ್ತಿಕೊಳ್ಳೂ ಹಂಗ ಮಾಡ್ರಿ. ಅಂಚು 1 ಇಂಚಿಗಿಂತ ಹೆಚ್ಚು ಏರಿದರ ಅಲ್ಲೇ ಹೇಳ್ರಿ.

ಹೊಸಾದು ಎರಡ ಹೊಲಸ್ರಿ, ಮುಂದ ಹುಕ್ಕು ಇರೂವು. ಹಿಂದ ಹುಕ್ಕು ಹಾಕಿಸಿದರ ಹಾಲು ಕುಡಸಾಕ ಬರೂದಿಲ್ಲ. ಮುಂದಿನದಾದರ ಕೆಳಗಿನ ಎರಡು-ಮೂರು ಹುಕ್ಕು ತೆಗದರ ಆತು. ಉದ್ದ 14½ ಇಂಚು, ಹಿಂದಿನ ಕೊರಳು 6½ರಿಂದ 7. ಅದಕ್ಕೂ ಆಳ ಆದರ ಭುಜ ಜಾರತದ. ಅಳತಿ ಕೊಡೂದು ಹೊಸ ಬ್ರಾ ತಗೊಂಡ ಮ್ಯಾಲ, ಅದನ್ನ ಹಾಕ್ಕೊಂಡು, ಎದಿ ತುಂಬಿದ ಹೊತ್ತಿನಾಗ. ಹಾಲು ಕುಡಸೂ ದಿನದಾಗ ಬೆಳಿಗ್ಗೆ-ಸಂಜಿ ಅಳತಿ ಒಂದ ಇರೂದಿಲ್ಲ. ಕೂಸು ಹಾಲು ಬಿಡೂ ತನಕ ರೇಷ್ಮಿ ಬ್ಲೌಸಿಗೆ ಕತ್ತರಿ ಹಾಕಸಬ್ಯಾಡ್ರಿ.

ನೀಲಿಶಾಯಿ (ಮೈಸೂರು)

ಸೂಜಿದಾರ ಅವರ ಮಾತಿಗೆ ಒಂದು ಗೆರೆ ಸೇರಿಸಿ ಕುರ್ತಾ ಕಡೆ ಬರ್ತೀನಿ: ಬಿಚ್ಚಿದ ಜಾಗದಲ್ಲಿ ಹಳೆ ಸೂಜಿಯ ತೂತಿನ ಸಾಲು ಕಾಣುತ್ತೆ, ಒಳಗಿದ್ದ ಬಟ್ಟೆಯ ಬಣ್ಣವೂ ಗಾಢವಾಗಿರುತ್ತೆ. ಹತ್ತಿಯಲ್ಲಿ ಎರಡು ಒಗೆತಕ್ಕೆ ತೂತು ಮುಚ್ಚುತ್ತೆ. ರೇಷ್ಮೆಯಲ್ಲಿ ಮುಚ್ಚೋದಿಲ್ಲ.

ಈಗ ಲೆಕ್ಕ. ಸೀರೆ ಎರಡು ದಿನ ಆದರೆ ಚೂಡಿದಾರ ನಾಲ್ಕು ದಿನ. ಒಗೆತ ವಾರಕ್ಕೆರಡು ಸಲ ಅಂತ ಇಟ್ಟುಕೊಂಡರೆ 5 ಕುರ್ತಾ, 3 ಪ್ಯಾಂಟು, 2 ವೇಲ್. ಇದಕ್ಕಿಂತ ಹೆಚ್ಚು ಈಗ ಬೇಡ, ಅಳತೆ ಇನ್ನೂ ಬದಲಾಗುತ್ತೆ. ಮೊದಲು ಪ್ಯಾಂಟಿನ ಬಣ್ಣ ಗೊತ್ತು ಮಾಡಿ: ಗಾಢ ನೀಲಿ, ಮರೂನ್, ಕೋರಾ. ಆಮೇಲೆ ಯಾವ ಕುರ್ತಾ ಕೈಗೆತ್ತಿಕೊಂಡರೂ ಈ ಮೂರರಲ್ಲಿ ಎರಡಕ್ಕಾದರೂ ಹೊಂದಬೇಕು. ಹೊಂದದಿದ್ದರೆ ಎಷ್ಟೇ ಚೆನ್ನಾಗಿದ್ದರೂ ಅಂಗಡಿಯಲ್ಲೇ ಇರಲಿ. ಬೆಳಿಗ್ಗೆ ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನ ಹಾಕಿದರೂ ಜೋಡಿ ಸರಿಯಾಗಿರುತ್ತೆ.

ವಿದೇಶದ ವಿಡಿಯೋಗಳಲ್ಲಿ ತೋರಿಸೋ ಹಾಗೆ ಬಿಳಿ-ಬೀಜ್-ಕಪ್ಪು ಅಂತ ಬೀರು ತುಂಬಿಸಬೇಡಿ. ಕಪ್ಪಿನ ಮೇಲೆ ಸೀಮೆಸುಣ್ಣ, ಬೀಜ್ ಮೇಲೆ ಸಾರು, ಬಿಳಿಯ ಮೇಲೆ ಎಲ್ಲವೂ. ಮಧ್ಯಮ ಬಣ್ಣದ ಸಣ್ಣ ಮುದ್ರಣದ ಹತ್ತಿ, ಅಂದರೆ ಬಾಗ್ರು, ಕಲಂಕಾರಿ, ಅಜ್ರಕ್ ಜಾತಿಯವು, ಹಾಲಿನ ಕಲೆಯನ್ನೂ ಸೀಮೆಸುಣ್ಣವನ್ನೂ ನುಂಗಿಕೊಳ್ಳುತ್ತವೆ. ಒಂದೇ ಬಣ್ಣದ ರೇಯಾನ್ ಮಾತ್ರ ಈಗ ಬೇಡವೇ ಬೇಡ: ಒಂದು ಹನಿ ಹಾಲು ಸೋರಿದರೂ ರೂಪಾಯಿ ನಾಣ್ಯದಷ್ಟು ಗಾಢ ಕಲೆ ಕಾಣುತ್ತೆ, ಒಗೆದಾಗ ಕುಗ್ಗುತ್ತೆ, ಒಣಗುವಾಗ ಉದ್ದಕ್ಕೆ ಜೋಲುತ್ತೆ.

5 ಅಡಿ 1 ಇಂಚಿಗೆ ಕುರ್ತಾ ಉದ್ದ 40ರಿಂದ 42 ಇಂಚು, ಮಂಡಿಯ ಸ್ವಲ್ಪ ಕೆಳಗೆ ನಿಲ್ಲಲಿ. ರೆಡಿಮೇಡ್ 46 ಬಂದರೆ ಮಡಚಿ ಹೊಲಿಸೋದು ಸುಲಭ, ಆದರೆ ಪಕ್ಕದ ಕಟ್ (ಸೀಳು) ಎಲ್ಲಿ ಶುರುವಾಗುತ್ತೆ ನೋಡಿ. ಉದ್ದ ಮಾತ್ರ ಕಡಿಮೆ ಮಾಡಿಸಿದರೆ ಕಟ್ ತುಂಡಾಗಿ, ಮೆಟ್ಟಿಲು ಹತ್ತುವಾಗ ಕಾಲು ತಡೆಯುತ್ತೆ. ದೊಗಲೆ ಪಲಾಝೊ ನಿಮ್ಮ ಎತ್ತರವನ್ನ ನುಂಗುತ್ತೆ, ಸ್ಕೂಟರಿನಲ್ಲೂ ತೊಂದರೆ. ಕಣಕಾಲಿಗೆ ನಿಲ್ಲೋ ನೇರ ಪ್ಯಾಂಟು ಸಾಕು.

ಹೊಲಿಸೋದಾದರೆ 44 ಇಂಚು ಪನ್ನದ (ಅಗಲದ) ಬಟ್ಟೆ ಎರಡೂವರೆ ಮೀಟರ್. ತಂದ ದಿನವೇ ರಾತ್ರಿಯಿಡೀ ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ ಕೊಡಿ. ಹತ್ತಿ 100ಕ್ಕೆ 3ರಿಂದ 5ರಷ್ಟು ಕುಗ್ಗುತ್ತೆ, ಅಂದರೆ 42 ಇಂಚಿನಲ್ಲಿ ಒಂದೂಕಾಲರಿಂದ ಎರಡು ಇಂಚು. "ಒಂದೇ ಒಗೆತಕ್ಕೆ ಬಗಲು ಬಿಗಿಯಾಯ್ತು" ಅನ್ನೋ ದೂರುಗಳಲ್ಲಿ ಹೆಚ್ಚಿನವು ಇದೇ. ಬಣ್ಣ ಬಿಡೋ ಬಟ್ಟೆಗೆ ಉಪ್ಪು ಹಾಕಿದರೆ ನಿಲ್ಲುತ್ತೆ ಅಂತಾರೆ, ನಿಲ್ಲೋದಿಲ್ಲ. ಮೊದಲ ಮೂರು ಸಲ ಬೇರೆ ಬಕೆಟ್‌ನಲ್ಲಿ ತಣ್ಣೀರಿಗೆ ಹಾಕಿ ಒಗೀರಿ, ಅಷ್ಟೇ.

ಟೈಲರ್‌ಗೆ ಎರಡು ಮಾತು ಬರೆದುಕೊಡಿ. ಒಂದು, ಎದೆಯ ಎರಡೂ ಕಡೆ ಪ್ರಿನ್ಸೆಸ್ ಕಟ್ (ಎದೆಯ ಮೇಲೆ ಹಾದು ಉದ್ದಕ್ಕೆ ಇಳಿಯೋ) ಹೊಲಿಗೆಯೊಳಗೆ 9 ಇಂಚಿನ, ಹೊರಗೆ ಕಾಣದ ಜಿಪ್. ಮೇಲಿನ ತುದಿ ಎದೆಯ ಮಟ್ಟದಿಂದ 3 ಇಂಚು ಮೇಲಿರಬೇಕು, ಜಿಪ್ಪಿನ ಹಿಡಿ ಕೆಳಗಿನಿಂದ ಮೇಲಕ್ಕೆ ತೆರೆಯಬೇಕು. ಜಿಪ್ಪಿನ ಹಿಂದೆ ಒಂದು ಬೆರಳಗಲದ ಪಟ್ಟಿ ಇಲ್ಲದಿದ್ದರೆ ಚರ್ಮಕ್ಕೆ ಕಚ್ಚುತ್ತೆ. ಇನ್ನೊಂದು, ಬಲಗಡೆ ಜೇಬು: ಬಾಯಿ 6 ಇಂಚು, ಆಳ 10 ಇಂಚು. ಜೇಬು ಬೇಕಂದರೆ ಪಕ್ಕದ ಕಟ್ ಜೇಬಿನ ಬಾಯಿಯ ಕೆಳಗೇ ಶುರುವಾಗಬೇಕು, ಇಲ್ಲದಿದ್ದರೆ ಮೊಬೈಲ್ ಭಾರಕ್ಕೆ ಕಟ್ ಬಾಯಿ ಬಿಟ್ಟು ನಿಲ್ಲುತ್ತೆ.

ನಿಮ್ಮ 9,000ಕ್ಕೆ ನನ್ನ ಹಂಚಿಕೆ: ಮೊದಲ ತಿಂಗಳು ಸರಿಯಾದ ಬ್ರಾಗಳಿಗೆ 1,200, ಬ್ಲೌಸ್ ರಿಪೇರಿಗೂ ಎರಡು ಹೊಸ ಬ್ಲೌಸಿಗೂ 2,500. ಎರಡನೇ ತಿಂಗಳು ಪ್ಯಾಂಟು, ಎರಡು ಕುರ್ತಾ. ಮೂರನೇ ತಿಂಗಳು ಇನ್ನೆರಡು ಕುರ್ತಾ, ಉಳಿದದ್ದಕ್ಕೆ ಚಪ್ಪಲಿ. ಐದನೆಯ ಕುರ್ತಾ ಹಳೆಯದರಲ್ಲೇ ಒಂದನ್ನ ಬಿಚ್ಚಿಸಿ ಮಾಡಿಕೊಳ್ಳಿ. ಚಪ್ಪಲಿ ತಗೊಳ್ಳೋವಾಗ ಕಾಲನ್ನ ಮತ್ತೆ ಅಳೆಸಿ, ಹೆರಿಗೆಯಾದ ಮೇಲೆ ಪಾದ ಅರ್ಧ ಸೈಜು ಹೆಚ್ಚಾಗಿ ಹಾಗೇ ಉಳಿಯೋದು ಸಾಮಾನ್ಯ.

ಬೆಣ್ಣೆದೋಸೆ_ಅಮ್ಮ

ಅಬ್ಬಾ, ಇಷ್ಟು ವಿವರ! ಪ್ರಿಂಟ್ ತೆಗೆದು ಟೈಲರ್ ಕೈಗೇ ಕೊಡ್ತೀನಿ. ಬಗಲು ಕೆಳಗೆ ಕಟ್ ಮಾಡಿ ಅಂತ ಇಷ್ಟು ವರ್ಷ ಹೇಳಿ ಹೇಳಿ ಹೊಲಿಸಿದ್ದು ನಾನೇ.

ಸೀರೆ ದಿನದ ಬಗ್ಗೆ ಯಾರಾದರೂ ಹೇಳಿ. ಇರೋದು ಹೆಚ್ಚಾಗಿ ಇಳಕಲ್ ಮತ್ತು ದಪ್ಪ ಹತ್ತಿ ಸೀರೆಗಳು. ಉಟ್ಟರೆ ಹೊಟ್ಟೆ ಹತ್ತಿರ ದಿಂಬು ಕಟ್ಟಿಕೊಂಡ ಹಾಗಾಗುತ್ತೆ. ಭುಜದ ಪಿನ್ನು ಮಗುಗೆ ಚುಚ್ಚುತ್ತೇನೋ ಅಂತ ಭಯ ಬೇರೆ.

ನೀಲಿಶಾಯಿ (ಮೈಸೂರು)

ದಿಂಬಿಗೆ ಕಾರಣ ನಿಮ್ಮ ಹೊಟ್ಟೆಯಲ್ಲ, ಸೀರೆಯ ಪನ್ನ. ಸೀರೆ ಅಗಲ 46 ಇಂಚಿನ ಆಸುಪಾಸು ಇರುತ್ತೆ. ನಿಮ್ಮ ಎತ್ತರಕ್ಕೆ ಸೊಂಟದಿಂದ ನೆಲಕ್ಕೆ 38 ಇಂಚು. ಉಳಿದ 8 ಇಂಚು ಸೊಂಟದೊಳಗೆ ಹೋಗಿ ಕೂರುತ್ತೆ, ನೆರಿಗೆ ಇರೋ ಕಡೆ ಪದರದ ಮೇಲೆ ಪದರ. ತೆಳು ಸೀರೆಯಲ್ಲಿ ಅದು ಗೊತ್ತಾಗೋದಿಲ್ಲ, ದಪ್ಪ ಹತ್ತಿಯಲ್ಲಿ ಎದ್ದು ಕಾಣುತ್ತೆ.

ಹಾಗಾಗಿ ನೆರಿಗೆಯ ಕಂತೆಯನ್ನ ಒಟ್ಟಿಗೆ ತುರುಕಬೇಡಿ. ನೆರಿಗೆ ಹಿಡಿದು, ಮೇಲಿನ ಹೆಚ್ಚುವರಿ 8 ಇಂಚನ್ನ ಹೊರಗೇ ಬಿಟ್ಟು ಸೊಂಟದ ಮಟ್ಟದಲ್ಲಿ ಒಂದು ಪಿನ್ನು ಹಾಕಿ. ಆ ಹೆಚ್ಚುವರಿಯನ್ನ ಬೀಸಣಿಗೆ ಹಾಗೆ ಎಡಕ್ಕೂ ಬಲಕ್ಕೂ ಹರಡಿ ಲಂಗದೊಳಗೆ ಚಪ್ಪಟೆಯಾಗಿ ಇಳಿಬಿಡಿ. ನೆರಿಗೆ 5 ಸಾಕು, ಒಂದೊಂದು 5 ಇಂಚು. 7 ಮಾಡಿದರೆ ಸ್ಕೂಟರಿನಲ್ಲಿ ಕಾಲಿನ ನಡುವೆ ಬುಟ್ಟಿ ಕೂರಿಸಿದ ಹಾಗಾಗುತ್ತೆ. ಇನ್ನು ಮುಂದೆ ಕೊಳ್ಳೋವಾಗ ಅಂಚು 2-3 ಇಂಚಿನದು ನೋಡಿ. ಉಡುಪಿ ಸೀರೆ, ಮಲ್ ಹತ್ತಿ ಎರಡೂ ತೆಳುವಾಗಿವೆ.

ಲಂಗದ ಲಾಡಿ ಬಗ್ಗೆ ಗಂಭೀರವಾಗಿ ಒಂದು ಮಾತು. ತೆಳು ಹುರಿಯಂಥ ಲಾಡಿಯನ್ನ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿದು ಕಟ್ಟಿದರೆ ಚರ್ಮ ಕಪ್ಪಾಗಿ, ಉಜ್ಜಿ, ವಾಸಿಯಾಗದ ಹುಣ್ಣಾದ ಪ್ರಕರಣಗಳಿವೆ, ಅಪರೂಪಕ್ಕೆ ಅದು ಕ್ಯಾನ್ಸರ್‌ಗೂ ತಿರುಗಿದ್ದುಂಟು. ಲಾಡಿ ತೆಗೆಸಿ ಎರಡು ಇಂಚು ಅಗಲದ ಪಟ್ಟಿ ಹಾಕಿಸಿ, ಪಕ್ಕದಲ್ಲಿ ಎರಡು ಸಾಲು ದೊಡ್ಡ ಹುಕ್ಕು. ಒಂದು ಸಾಲು ಬೆಳಗಿಗೆ, ಸಡಿಲದ್ದು ಊಟದ ನಂತರಕ್ಕೆ. ಹೊಟ್ಟೆ ಕೋಯ್ದು ಹೆರಿಗೆಯಾಗಿದ್ದರೆ ಹೊಲಿಗೆಯ ಗೆರೆಗಿಂತ ಮೇಲೆಯೇ ಕಟ್ಟಿಕೊಳ್ಳಿ.

ಪಿನ್ನಿಗೆ ಬದಲು: ಬ್ಲೌಸಿನ ಎಡ ಭುಜದ ಹೊಲಿಗೆಯ ಮೇಲೆ 3 ಇಂಚು ಉದ್ದದ ಸಣ್ಣ ಪಟ್ಟಿ, ತುದಿಗೆ ಟಿಚ್ ಬಟನ್. ಸೆರಗಿನ ನೆರಿಗೆಯನ್ನ ಅದರ ಕೆಳಗೆ ತೂರಿಸಿ ಒತ್ತಿದರೆ ಆಯ್ತು. ಮಗು ಎಳೆದರೆ ಬಟನ್ ಬಿಚ್ಚಿಕೊಳ್ಳುತ್ತೆ, ಸೀರೆ ಹರಿಯೋದಿಲ್ಲ. ಇಳಕಲ್‌ಗಂತೂ ಇದೇ ಸರಿ. ಅದರ ಒಡಲು, ಸೆರಗು ಬೇರೆ ಬೇರೆ ಹಾಸು (ಉದ್ದದ ಎಳೆಗಳು), ಸೇರೋ ಕಡೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ತೋಪ್ ತೆಣಿ ಅಂತ ಕರೆಯೋದು ಅದನ್ನೇ. ಆ ಗೆರೆಯ ಹತ್ತಿರ ಪಿನ್ನು ಹಾಕಿ ಎಳೆದಾಡಿದರೆ ಎಳೆ ಸಡಿಲವಾಗುತ್ತೆ.

10 ನಿಮಿಷದ ಗುಟ್ಟು ಭಾನುವಾರ ಸಂಜೆಯಲ್ಲಿದೆ. ಎರಡೂ ಸೀರೆಯ ಸೆರಗಿನ ನೆರಿಗೆಯನ್ನ 4 ಇಂಚಿಗೆ ಹಿಡಿದು ಇಸ್ತ್ರಿ ಮಾಡಿ, ಬಟ್ಟೆ ಒಣಹಾಕೋ ಕ್ಲಿಪ್ ಕಚ್ಚಿಸಿ ಹ್ಯಾಂಗರಿಗೆ ನೇತುಹಾಕಿ. ಅದೇ ಹ್ಯಾಂಗರಿಗೆ ಬ್ಲೌಸು, ಲಂಗ. ಬೆಳಿಗ್ಗೆ ಸೆರಗು ಭುಜಕ್ಕೆ, ಆಮೇಲೆ ಸುತ್ತು, ಕೊನೆಗೆ ಐದು ನೆರಿಗೆ. ಸ್ಕೂಟರಿಗೆ ಹತ್ತುವ ಮುಂಚೆ ಸೆರಗನ್ನ ಬಲ ಸೊಂಟಕ್ಕೆ ಸುತ್ತಿ ಸಿಕ್ಕಿಸಿ. ಚೂಡಿದಾರ ದಿನ ವೇಲ್ ಕತ್ತಿಗೆ ಬೇಡ, ಬ್ಯಾಗಿನೊಳಗೆ ಹೋಗಲಿ. ಹಿಂದಿನ ಚಕ್ರಕ್ಕೆ ಸಿಕ್ಕರೆ ಮೊದಲು ಬಿಗಿಯೋದು ಕತ್ತೇ.

ಹತ್ತಿ ಸೀರೆಗೆ ತೆಳು ಗಂಜಿ ಸಾಕು: ಒಂದು ಹಿಡಿ ಸಬ್ಬಕ್ಕಿ ಒಂದು ಲೀಟರ್ ನೀರಿನಲ್ಲಿ ಕರಗೋವರೆಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಅರ್ಧ ಬಕೆಟ್ ನೀರಿಗೆ. ಸೋಸದೇ ಹಾಕಿದರೆ ಬಿಳಿ ಚುಕ್ಕೆ ನಿಲ್ಲುತ್ತೆ. ಗಂಜಿ ಹೆಚ್ಚಾದರೆ ಕೂತ ಕಡೆ ಮುದುಡಿದ್ದು ಮತ್ತೆ ನೆಟ್ಟಗಾಗೋದಿಲ್ಲ.

ಕಡಲತಡಿ (ಉಡುಪಿ)

ಗಂಜಿಯ ವಿಷಯ ದಾವಣಗೆರೆಗೆ ಸರಿ ಮಾರಾಯ್ರೆ, ಇದನ್ನು ಓದಿ ನಮ್ಮ ಕಡೆಯವರು ಜೂನ್ ತಿಂಗಳಲ್ಲಿ ಗಂಜಿ ಹಾಕಿಯಾರು ಅಂತ ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ಗಂಜಿ ಬೇಡ. ಅದು ಹಿಟ್ಟಲ್ಲವಾ, ತೇವಕ್ಕೆ ಬೂಸ್ಟು ಹಿಡಿಯುವುದು ಮೊದಲು ಅದಕ್ಕೇ. ಒಳಗೆ ಮಡಚಿಟ್ಟರೆ ಬೆಳ್ಳಿಮೀನು ಹುಳ ಬಂದು ಗಂಜಿಯ ಜೊತೆ ಬಟ್ಟೆಯನ್ನೂ ತಿನ್ನುತ್ತದೆ. ನೀವು ಘಟ್ಟದ ಮೇಲಿನವರಾದರೂ, ಬಹಳ ದಿನ ಉಡದೆ ಎತ್ತಿಡುವ ಸೀರೆಯ ಗಂಜಿಯನ್ನು ತೊಳೆದೇ ಇಡಬೇಕು.

ಮಳೆ ಊರಿನವರಿಗೆ ನಾಲ್ಕು ತಿಂಗಳಿಗೆ ಜಾರ್ಜೆಟ್, ಕ್ರೇಪ್, ಹತ್ತಿ-ಪಾಲಿಯೆಸ್ಟರ್ ಬೆರೆತದ್ದು ಎರಡು-ಮೂರು ಇದ್ದರೆ ಸಾಕು, ಫ್ಯಾನಿನ ಅಡಿಯಲ್ಲಿ ರಾತ್ರಿಗೆ ಒಣಗುತ್ತದೆ. ಅದನ್ನು ಉಟ್ಟುಕೊಂಡು ಗ್ಯಾಸಿನ ಮುಂದೆ ಮಾತ್ರ ನಿಲ್ಲಬೇಡಿ. ಹತ್ತಿ ಉರಿದರೆ ಬೂದಿ, ಇದು ಕರಗಿ ಮೈಗೆ ಅಂಟುತ್ತದೆ. ತಿಂಡಿ ಮುಗಿಸಿಯೇ ಉಡುವುದು ಒಳ್ಳೆಯದು, ಅಥವಾ ಮೇಲಿಂದ ಹತ್ತಿ ನೈಟಿ.

ಕಲೆಯ ಬಗ್ಗೆ ಯಾರೂ ಹೇಳಲಿಲ್ಲ. ಮಗು ಕಕ್ಕಿದ ಹಾಲಿಗೆ ಮೊದಲು ತಣ್ಣೀರು, ಬಿಸಿನೀರು ಹಾಕಿದರೆ ಹಾಲು ಗಟ್ಟಿಯಾಗಿ ನೂಲಿಗೆ ಕೂತುಕೊಳ್ಳುತ್ತದೆ. ಅರಿಶಿನದ ಕಲೆಗೆ ಸಾಬೂನು ಹಚ್ಚಿದ ಕೂಡಲೇ ಕೆಂಪಾಗುತ್ತದೆ, ಹೆದರಬೇಡಿ, ಸಾಬೂನಿನ ಕ್ಷಾರಕ್ಕೆ ಹಾಗಾಗುವುದು. ತೊಳೆದು ಬಿಸಿಲಿಗೆ ಹಾಕಿ, ಎರಡು ದಿನದ ಬಿಸಿಲಿಗೆ ಮಾಸುತ್ತದೆ. ಬಾಳೆಕಾಯಿಯ ಸೊನೆಯ ಕಲೆ ಮಾತ್ರ ಹೋಗುವುದಿಲ್ಲ. ಅದಕ್ಕೆ ಮದ್ದು ಹುಡುಕುವ ಬದಲು ಆ ಜಾಗಕ್ಕೆ ಒಂದು ಕಸೂತಿ ಹಾಕಿಸಿ.

ಒಡವೆ: ಜುಮುಕಿ, ರಿಂಗು ಎರಡೂ ಸದ್ಯಕ್ಕೆ ಡಬ್ಬಿಯೊಳಗೆ. 9 ತಿಂಗಳ ಮಗುವಿನ ಕೈಗೆ ಸಿಕ್ಕರೆ ಕಿವಿಯ ತೂತು ಸೀಳುತ್ತದೆ. ತಿರುಪಿನ ಓಲೆ, ಗಿಡ್ಡ ಕರಿಮಣಿ, ಒಂದು ಕೈಗೆ ವಾಚು. ಕೂದಲು ಉದುರುತ್ತಿದ್ದರೆ ಬಿಗಿ ಜುಟ್ಟು ಬೇಡ, ಹೆಲ್ಮೆಟಿನ ಕೆಳಗೆ ಬರುವ ಹಾಗೆ ಸಡಿಲ ಜಡೆ. ಹೆರಿಗೆಯ ನಂತರದ ಉದುರುವಿಕೆ ಸಾಮಾನ್ಯವಾಗಿ ವರ್ಷದೊಳಗೆ ನಿಲ್ಲುತ್ತದೆ.

ಬೆಣ್ಣೆದೋಸೆ_ಅಮ್ಮ

ಬ್ಲೌಸ್ ಅಳೆದೆ. 14ರಲ್ಲಿ 5ಕ್ಕೆ ಒಳಗೆ ಒಂದೂಕಾಲು ಇಂಚು ಇದೆ, 6ಕ್ಕೆ ಮುಕ್ಕಾಲು ಇಂಚು, 3ಕ್ಕೆ ಏನೂ ಇಲ್ಲ. ಆ ಮೂರರಲ್ಲಿ ಒಂದು ಮದುವೆ ರೇಷ್ಮೆಯದು. ಮುಕ್ಕಾಲು ಇಂಚಿನವು ಆಗ್ತಾವಾ?

ಸೂಜಿದಾರ_ಹುಬ್ಬಳ್ಳಿ

ಆಗತಾವ್ರಿ. ಅರ್ಧ ಇಂಚು ಬಿಚ್ಚಿ ಕಾಲು ಇಂಚು ಹೊಲಿಗಿಗೆ ಬಿಟ್ಟರ 2 ಇಂಚು ಸಿಗತದ, ಉಳಿದ 2ಕ್ಕ ಬಗಲ ಪಟ್ಟಿ. 11 ಬ್ಲೌಸ್ ಉಳದಂಗಾತು. ಮೊದಲ ಒಂದ ಕೊಟ್ಟು ನೋಡ್ರಿ, ಅದನ್ನ ಒಂದು ಸೋಮವಾರ ಪೂರ್ತಿ ಹಾಕ್ಕೊಂಡು ಬರ್ರಿ, ಸರಿ ಕುಂತರ ಉಳಿದ 10 ಕೊಡ್ರಿ. ಎಲ್ಲಾ ಒಮ್ಮೆಲೆ ಕೊಟ್ಟರ ತಪ್ಪೂ 11 ಸಲ ಆಗತದ.

ಏನೂ ಇಲ್ಲದ ಎರಡರ ಹುಕ್ಕು ಬಿಚ್ಚಿ ಇಟ್ಕೋರಿ, ಬಟ್ಟಿ ಬ್ಯಾರೇ ಬ್ಲೌಸಿನ ಪಟ್ಟಿಗೆ ಬರತದ. ಮದುವಿ ಬ್ಲೌಸ್ ಮುಟ್ಟಬ್ಯಾಡ್ರಿ. ಹಳೇ ಬಿಳಿ ಹತ್ತಿ ಬಟ್ಟಿಯಾಗ ಸುತ್ತಿ ಇಡ್ರಿ, ಮೂರು ತಿಂಗಳಿಗೊಮ್ಮೆ ಮಡಿಕಿ ಬದಲಿಸ್ರಿ, ಇಲ್ಲಂದ್ರ ಜರಿ ಮಡಿಕಿ ಗುಂಟ ಮುರೀತದ.